ಬಾಗಿಲು ತಟ್ಟುವ ಹಬ್ಬ

ಹೊರದೇಶದಲ್ಲಿ ನೆಲೆಸಿದ ಕನ್ನಡಿಗರಿಗೆ ವರ್ಷಕ್ಕೆ ಕಡಿಮೆಯೆಂದರೂ ಎರಡು ಹೊಸ ವರ್ಷ. ಜನವರಿ ಒಂದು ಆಫೀಸಿನ ಹೊಸ ವರ್ಷ, ಯುಗಾದಿ ಮನೆಯ ಹೊಸ ವರ್ಷ. ನಾನು ಮಲ್ಪೆ ಕಡೆಯವನಾದ್ದರಿಂದ ನನಗೆ ಮೂರು. ಚಾಂದ್ರಮಾನ ಯುಗಾದಿಗೆ ಬೆಂಗಳೂರಿನ ಬಂಧುಗಳು ಬೇವು-ಬೆಲ್ಲದ ಫೋಟೋ ಕಳಿಸುತ್ತಾರೆ. ಏಪ್ರಿಲ್ ಮಧ್ಯದಲ್ಲಿ ಸೌರಮಾನ ಯುಗಾದಿ, ಅಂದರೆ ನಮ್ಮ ಬಿಸು, ಬಂದಾಗ ಅಮ್ಮ ಕಣಿ ಇಟ್ಟು ಫೋನ್ ಮಾಡುತ್ತಾರೆ. ಇವೆರಡರ ನಡುವೆ ಜನವರಿ ಒಂದಕ್ಕೆ ನಮ್ಮ ಮನೆಯಲ್ಲಿ ದೊಡ್ಡ ಮರ್ಯಾದೆಯೇನೂ ಇರಲಿಲ್ಲ. ಅದು ಕ್ಯಾಲೆಂಡರ್ ಬದಲಿಸುವ ದಿನ, ಅಷ್ಟೇ.

ಕೆಲಸದ ಮೇಲೆ ಸ್ಕಾಟ್ಲೆಂಡಿನ ಇನ್ವರ್ನೆಸ್‌ಗೆ ಬಂದು ನೆಲೆಸಿದ ಮೇಲೆ ನೋಡಿದರೆ, ಇಲ್ಲಿನವರಿಗೆ ಅದೇ ದಿನ ನಮ್ಮ ಯುಗಾದಿ, ದೀಪಾವಳಿ ಎರಡನ್ನೂ ಸೇರಿಸಿದಷ್ಟು ದೊಡ್ಡದು. ಡಿಸೆಂಬರ್ 31ರ ರಾತ್ರಿಗೆ 'ಹಾಗ್ಮನೇ' ಎಂದು ಹೆಸರು. ಜನವರಿ ಒಂದಷ್ಟೇ ಅಲ್ಲ, ಎರಡನೆಯ ತಾರೀಕೂ ಇಲ್ಲಿ ಸಾರ್ವಜನಿಕ ರಜೆ. ಇಂಗ್ಲೆಂಡಿನಲ್ಲಿ ಆ ಎರಡನೆಯ ರಜೆ ಇಲ್ಲ. ಒಂದೇ ದ್ವೀಪ, ಒಂದೇ ಕ್ರೈಸ್ತಧರ್ಮ. ಹಾಗಿದ್ದೂ ಗಡಿಯ ಕೆಳಗಿನವರಿಗೆ ಕ್ರಿಸ್‌ಮಸ್ ದೊಡ್ಡದು, ಮೇಲಿನವರಿಗೆ ಹೊಸ ವರ್ಷ ದೊಡ್ಡದು. ಈ ವ್ಯತ್ಯಾಸ ಹುಟ್ಟಿದ್ದು ಹೇಗೆ ಎಂದು ಹುಡುಕುತ್ತ ಹೋದವನು, 2019ರ ಕೊನೆಯ ದಿನ ಲೂಯಿಸ್ ದ್ವೀಪದ ಒಂದು ಮನೆಯ ಅಡುಗೆಮನೆಯಲ್ಲಿ ಹೋಗಿ ಕೂತೆ. ಅಲ್ಲಿ ಕೇಳಿದ ಕತೆಯನ್ನು ಹೇಳುವ ಮೊದಲು ನಾಲ್ಕು ನೂರು ವರ್ಷ ಹಿಂದಕ್ಕೆ ಹೋಗಬೇಕು.

ಹದಿನಾರನೆಯ ಶತಮಾನದ ಕೊನೆಯವರೆಗೂ ಸ್ಕಾಟ್ಲೆಂಡಿನಲ್ಲಿ ವರ್ಷದ ಲೆಕ್ಕ ಶುರುವಾಗುತ್ತಿದ್ದುದು ಮಾರ್ಚ್ 25ರಂದು. 1599ರ ಡಿಸೆಂಬರಿನಲ್ಲಿ ಆರನೇ ಜೇಮ್ಸ್ ದೊರೆಯ ಪ್ರಿವಿ ಕೌನ್ಸಿಲ್ ಒಂದು ಆಜ್ಞೆ ಹೊರಡಿಸಿತು: ಮುಂದಿನ ವರ್ಷ, ಅಂದರೆ 1600, ಜನವರಿ ಒಂದರಿಂದಲೇ ಆರಂಭ. ಯುರೋಪಿನ ಹಲವು ದೇಶಗಳು ಆಗಲೇ ಹಾಗೆ ಎಣಿಸುತ್ತಿದ್ದವು. ಇಂಗ್ಲೆಂಡ್ ಮಾತ್ರ ಜಗ್ಗಲಿಲ್ಲ. ಅಲ್ಲಿ 1752ರವರೆಗೂ ಮಾರ್ಚ್ 25ರದ್ದೇ ಲೆಕ್ಕ. ಇದರಿಂದ ತಮಾಷೆಯ ಸಂಗತಿಗಳು ನಡೆದವು. ಒಂದನೇ ಎಲಿಜಬೆತ್ ರಾಣಿ ತೀರಿಕೊಂಡದ್ದು ಮಾರ್ಚ್ 24ರಂದು. ಸ್ಕಾಟ್ಲೆಂಡಿನ ಲೆಕ್ಕದಲ್ಲಿ ಅದು 1603, ಇಂಗ್ಲೆಂಡಿನ ಲೆಕ್ಕದಲ್ಲಿ 1602ರ ಕೊನೆಯ ದಿನ. ಅವಳ ಸಿಂಹಾಸನಕ್ಕೆ ಬಂದವನು ಇದೇ ಜೇಮ್ಸ್. ಮುಂದಿನ ಒಂದೂವರೆ ಶತಮಾನ ಒಂದೇ ಅರಸೊತ್ತಿಗೆಯ ಕೆಳಗೆ ಎರಡು ವರ್ಷಾರಂಭ ನಡೆಯಿತು. ಎರಡು ಯುಗಾದಿಗಳ ಕರ್ನಾಟಕದಿಂದ ಬಂದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

1752ರಲ್ಲಿ ಬ್ರಿಟನ್ ಗ್ರೆಗೋರಿಯನ್ ಪಂಚಾಂಗಕ್ಕೆ ಬಂದಾಗ ಸೆಪ್ಟೆಂಬರ್ 2ರ ಮರುದಿನವೇ 14 ಆಯಿತು. ನಡುವಿನ ಹನ್ನೊಂದು ದಿನ ಹೋಯಿತು. ಸರ್ಕಾರ ದಿನ ಕಳೆಯಬಹುದು, ಹಬ್ಬ ಕಳೆಯಲಾಗುತ್ತದೆಯೇ? ಸ್ಕಾಟ್ಲೆಂಡಿನ ಉತ್ತರದ ಕಡಲೂರುಗಳು ಹಳೆಯ ಲೆಕ್ಕವನ್ನೇ ಹಿಡಿದುಕೊಂಡವು. ಬರ್ಗ್‌ಹೆಡ್ ಎಂಬ ಮೀನುಗಾರರ ಊರಿನಲ್ಲಿ ಇವತ್ತಿಗೂ ಜನವರಿ 11ರ ರಾತ್ರಿ, ಡಾಂಬರು ತುಂಬಿದ ಪೀಪಾಯಿಗೆ ಬೆಂಕಿ ಹಚ್ಚಿ ಹೆಗಲ ಮೇಲೆ ಹೊತ್ತು ಊರು ಸುತ್ತುತ್ತಾರೆ. ಶೆಟ್ಲೆಂಡಿನ ಫೌಲಾ ಎಂಬ ಪುಟ್ಟ ದ್ವೀಪದಲ್ಲಿ ಹೊಸ ವರ್ಷ ಬರುವುದು ಜನವರಿ 13ಕ್ಕೆ. ಕಡಲ ಜನ ತಮ್ಮ ದಿನವನ್ನು ಬೇಗ ಬಿಟ್ಟುಕೊಡುವುದಿಲ್ಲ.

ಇನ್ನು ಕ್ರಿಸ್‌ಮಸ್ ಏಕೆ ಸಣ್ಣದಾಯಿತು? ಅದಕ್ಕೆ ಕಾರಣ ಧರ್ಮಸುಧಾರಣೆ. 1560ರ ನಂತರ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಚರ್ಚು ಬೈಬಲ್ಲಿನಲ್ಲಿ ಹೇಳದ ಹಬ್ಬಗಳನ್ನೆಲ್ಲ ಒಪ್ಪದೇ ಹೋಯಿತು. ಕ್ರಿಸ್ತ ಹುಟ್ಟಿದ ದಿನ ಇಂಥದ್ದೇ ಎಂದು ಬೈಬಲ್ಲಿನಲ್ಲಿ ಎಲ್ಲಿದೆ ಎಂಬುದು ಅವರ ವಾದ. 1640ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಕ್ರಿಸ್‌ಮಸ್ ಕಾಲದ ರಜೆಯನ್ನೇ ರದ್ದು ಮಾಡಿತು. ಕಾನೂನು ಆಮೇಲೆ ಸಡಿಲವಾದರೂ ರೂಢಿ ಉಳಿಯಿತು. ಡಿಸೆಂಬರ್ 25 ಇಲ್ಲಿ ಬಹುಕಾಲ ಕೆಲಸದ ದಿನವೇ ಆಗಿತ್ತು, 1958ರಲ್ಲಷ್ಟೇ ಸಾರ್ವಜನಿಕ ರಜೆಯಾಯಿತು. ಚಳಿಗಾಲದ ಕತ್ತಲಲ್ಲಿ ಜನರಿಗೆ ಒಂದು ಹಬ್ಬ ಬೇಕೇ ಬೇಕಲ್ಲ. ಉಣ್ಣುವುದು, ಕುಡಿಯುವುದು, ಬಂಧುಗಳು ಕೂಡುವುದು ಎಲ್ಲವೂ ಒಂದು ವಾರ ಮುಂದಕ್ಕೆ ಸರಿದು ಹೊಸ ವರ್ಷದ ಮೇಲೆ ಬಂದು ನಿಂತವು. ಸೈನ್ಯ, ನೌಕಾಪಡೆಗಳಲ್ಲೂ ಇಂಗ್ಲಿಷರಿಗೆ ಕ್ರಿಸ್‌ಮಸ್ ರಜೆ, ಸ್ಕಾಟರಿಗೆ ಹೊಸ ವರ್ಷದ ರಜೆ ಎಂಬ ಪದ್ಧತಿ ಬಂತು. ಓದುಗರು ಇದೊಂದನ್ನು ನೆನಪಿಟ್ಟುಕೊಳ್ಳಬೇಕು.

ಈ ಹಬ್ಬಕ್ಕೆ ದೇವರಿಲ್ಲ, ಪೂಜೆಯಿಲ್ಲ. ಇರುವುದು ಬಾಗಿಲು. ನಡುರಾತ್ರಿ ಹನ್ನೆರಡು ಹೊಡೆದ ಮೇಲೆ ಮನೆಯ ಹೊಸ್ತಿಲು ದಾಟುವ ಮೊದಲ ವ್ಯಕ್ತಿ 'ಫಸ್ಟ್ ಫುಟ್'. ಆ ವರ್ಷದ ಅದೃಷ್ಟ ಅವನ ಕಾಲಗುಣ. ನಮ್ಮಲ್ಲಿ ಹೊಸ ಸೊಸೆಯ ಕಾಲಗುಣ ನೋಡುವ ಹಾಗೆಯೇ. ಬರುವವನು ಬರಿಗೈಯಲ್ಲಿ ಬರಬಾರದು. ಒಲೆಗೆ ಇದ್ದಿಲು, ಊಟಕ್ಕೆ ರೊಟ್ಟಿಯೋ ಕೇಕೋ, ಗಂಟಲಿಗೆ ವಿಸ್ಕಿ ತರಬೇಕು. ಕಪ್ಪು ಕೂದಲಿನ ಗಂಡಸಾದರೆ ಶುಭ, ಹೊಂಬಣ್ಣದ ಕೂದಲಾದರೆ ಅಪಶಕುನ. ಹೊಂಗೂದಲಿನ ವೈಕಿಂಗರು ದೋಣಿಯಲ್ಲಿ ಬಂದು ಬಾಗಿಲು ಬಡಿದ ಕಾಲದ ನೆನಪು ಇದು ಎಂದು ಜನ ಹೇಳುತ್ತಾರೆ. ಲೂಯಿಸ್ ಸೇರಿದಂತೆ ಪಶ್ಚಿಮದ ದ್ವೀಪಗಳು 1266ರವರೆಗೂ ನಾರ್ವೆಯ ದೊರೆಗೆ ಸೇರಿದ್ದವು.

ಪಶ್ಚಿಮದ ದ್ವೀಪಗಳಲ್ಲಿ ಗೇಲಿಕ್ ಭಾಷೆಯವರ ಆಚರಣೆ ಇನ್ನೂ ಹಳೆಯದು. ಡಾಕ್ಟರ್ ಜಾನ್ಸನ್ 1773ರಲ್ಲಿ ಆ ಕಡೆಗೆ ಪ್ರವಾಸ ಹೋಗಿ, 1775ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅದನ್ನು ಬರೆದಿದ್ದಾನೆ. ವರ್ಷದ ಕೊನೆಯ ರಾತ್ರಿ ಒಬ್ಬ ಹಸುವಿನ ತೊಗಲು ಹೊದ್ದು ಬರುತ್ತಾನೆ, ಉಳಿದವರು ಕೋಲಿನಿಂದ ಆ ತೊಗಲನ್ನು ಬಡಿಯುತ್ತಾರೆ, ಮನೆಯಲ್ಲಿದ್ದವರು ಹೆದರಿದಂತೆ ನಟಿಸಿ ಹೊರಗೆ ಓಡುತ್ತಾರೆ, ಬಾಗಿಲು ಮುಚ್ಚುತ್ತದೆ. ಮತ್ತೆ ಒಳಗೆ ಬರಬೇಕಾದರೆ ಪದ್ಯ ಹೇಳಬೇಕು. ಮಕ್ಕಳು ಮನೆಮನೆಗೆ ಹೋಗಿ ಬಾಗಿಲಲ್ಲಿ ಪದ ಹೇಳಿ ರೊಟ್ಟಿ ಪಡೆಯುವುದು ಕೆಲವು ದ್ವೀಪಗಳಲ್ಲಿ ಇಂದಿಗೂ ಉಂಟು. ಆಟ ಬೇರೆಬೇರೆಯಾದರೂ ಅರ್ಥ ಒಂದೇ: ಹೊರಗೆ ಕತ್ತಲು, ಒಳಗೆ ಬೆಂಕಿ, ನಡುವೆ ಒಂದು ಬಾಗಿಲು. ಬಂದವನನ್ನು ಒಳಗೆ ಕರೆಯುವುದೇ ಹಬ್ಬ.

ನನ್ನನ್ನು ಕರೆದದ್ದು ಜೊತೆಗೆ ಕೆಲಸ ಮಾಡುವ ಗೆಳೆಯ. "ಹಬ್ಬಕ್ಕೆ ಒಬ್ಬನೇ ಇರ್ತೀಯಾ? ನಮ್ಮೂರಿಗೆ ಬಾ. ನಿನ್ನ ಕೂದಲು ನಮಗೆ ಉಪಯೋಗಕ್ಕೆ ಬರುತ್ತೆ" ಎಂದ. ಅಲ್ಲಪೂಲ್ ಬಂದರಿನಿಂದ ಸ್ಟೋರ್ನೋವೇಗೆ ಎರಡೂವರೆ ಗಂಟೆಗೂ ಮಿಕ್ಕಿ ಹಡಗಿನ ಪ್ರಯಾಣ. ಸ್ಟೋರ್ನೋವೇ ಲೂಯಿಸ್ ದ್ವೀಪದ ಒಂದೇ ದೊಡ್ಡ ಪೇಟೆ. ಅಲ್ಲಿಂದ ಪೂರ್ವಕ್ಕೆ ಸಮುದ್ರಕ್ಕೆ ಚಾಚಿಕೊಂಡಿರುವ ನೆಲದ ಹಳ್ಳಿಯೊಂದರಲ್ಲಿ ಅವರ ಮನೆ. ಮರವೇ ಇಲ್ಲದ ನೆಲ, ಮೂರು ಕಡೆ ಕಡಲು. ಮನೆಯಲ್ಲಿ ಗೆಳೆಯನ ತಂದೆ-ತಾಯಿ, ಒಬ್ಬ ತಮ್ಮ, ಮತ್ತು ಎಂಬತ್ತಾರು ವರ್ಷದ ಅಜ್ಜಿ. ಊಟಕ್ಕೆ ಉಪ್ಪು ಹಾಕಿದ ಹೆರಿಂಗ್ ಮೀನು, ಬೇಯಿಸಿದ ಆಲೂಗಡ್ಡೆ. ಆಮೇಲೆ ಹಿಟ್ಟು, ಸಕ್ಕರೆ, ಒಣದ್ರಾಕ್ಷಿ ಕಲಸಿ ಬಟ್ಟೆಯಲ್ಲಿ ಕಟ್ಟಿ ಗಂಟೆಗಟ್ಟಲೆ ಬೇಯಿಸಿದ 'ಡಫ್' ಎಂಬ ಸಿಹಿ. ನೋಡಲು ನಮ್ಮ ಕಡುಬಿನ ದೊಡ್ಡಣ್ಣ. ಒಲೆಯಲ್ಲಿ ಉರಿಯುತ್ತಿದ್ದುದು ಪೀಟ್, ಅಂದರೆ ಜವುಗುನೆಲದಿಂದ ಕಡಿದು ಬೇಸಿಗೆಯಲ್ಲಿ ಒಣಗಿಸಿಟ್ಟ ಹೆಂಟೆ. ಅದರ ಹೊಗೆಯ ವಾಸನೆ ನನ್ನ ಕೋಟಿನಲ್ಲಿ ತಿಂಗಳುಗಟ್ಟಲೆ ಉಳಿಯಿತು.

ಹನ್ನೆರಡಕ್ಕೆ ಹತ್ತು ನಿಮಿಷ ಇದೆ ಎನ್ನುವಾಗ ಗೆಳೆಯನ ತಾಯಿ ನನ್ನ ಕೈಗೆ ಒಂದು ಹೆಂಟೆ ಪೀಟ್, ಒಂದು ಪೊಟ್ಟಣ ಬಿಸ್ಕತ್ತು ಕೊಟ್ಟು, "ಹೊರಗೆ ಹೋಗಿ ನಿಲ್ಲಿ. ಗಡಿಯಾರ ಹೊಡೆದ ಮೇಲೆ ಬನ್ನಿ" ಎಂದರು. ಅಜ್ಜಿ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ಬಾಗಿಲು ತಟ್ಟಬೇಡ ಮಗಾ. ಹೆಸರು ಹೇಳಿಕೊಂಡು ಬಾ. ನಮ್ಮ ಮನೆಯಲ್ಲಿ ಹಾಗೆ."

ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಒಳಗೆ ಗಡಿಯಾರ ಹೊಡೆಯಿತು. ನನ್ನ ಹೆಸರು ಕೂಗಿದೆ. ಒಳಗಿನಿಂದ ಎಲ್ಲರೂ ಒಟ್ಟಿಗೆ ಗೇಲಿಕ್‌ನಲ್ಲಿ ಒಳಗೆ ಬಾ ಎಂದರು. ನಾನು ಹೆಂಟೆಯನ್ನು ಒಲೆಗೆ ಹಾಕಿದೆ, ಕೈಕುಲುಕಿದೆ, ಎಲ್ಲರೂ ಹೊಸ ವರ್ಷದ ಹಾರೈಕೆ ಹೇಳಿಕೊಂಡೆವು. ಆಮೇಲೆ ಅಕ್ಕಪಕ್ಕದ ಮನೆಯವರು ಬಂದರು. ಅವರೂ ಹೊರಗಿನಿಂದ ತಮ್ಮ ಹೆಸರು ಹೇಳಿಯೇ ಬಂದರು. ಎಲ್ಲರೂ ಹೋದ ಮೇಲೆ, ಎರಡು ಗಂಟೆಯ ಸುಮಾರಿಗೆ, ಅಜ್ಜಿ ತಾವಾಗಿಯೇ ಕಾರಣ ಹೇಳಿದರು.

1918ರ ನವೆಂಬರಿನಲ್ಲಿ ಮೊದಲ ಮಹಾಯುದ್ಧ ಮುಗಿದಿತ್ತು. ಸುಮಾರು 30,000 ಜನರ ಲೂಯಿಸ್ ದ್ವೀಪದಿಂದ 6,000ದಷ್ಟು ಮಂದಿ ಯುದ್ಧಕ್ಕೆ ಹೋಗಿದ್ದರು. ಕಡಲು ಬಲ್ಲವರಾದ್ದರಿಂದ ಅನೇಕರು ನೌಕಾಪಡೆಯ ಮೀಸಲು ದಳದವರು. ಮೇಲೆ ಹೇಳಿದ ಪದ್ಧತಿಯಂತೆ ಅವರಿಗೆ ಹೊಸ ವರ್ಷದ ರಜೆ ಸಿಕ್ಕಿತು. ನಾಲ್ಕು ವರ್ಷಗಳ ನಂತರ ಮೊದಲ ಶಾಂತಿಯ ಹೊಸ ವರ್ಷ. ಡಿಸೆಂಬರ್ 31ರ ಸಂಜೆ ಅವರನ್ನು ಹೊತ್ತ ರೈಲುಗಳು ಕೈಲ್ ಆಫ್ ಲೋಹಾಲ್ಶ್ ಎಂಬ ಬಂದರಿಗೆ ಬಂದವು. ದಿನನಿತ್ಯದ ಹಡಗು 'ಶೀಲಾ'ದಲ್ಲಿ ಅಷ್ಟು ಜನಕ್ಕೆ ಜಾಗವಿರಲಿಲ್ಲ. ಹೀಗಾಗಿ ನೌಕಾಪಡೆ 'ಐಯೊಲೇರ್' ಎಂಬ ವಿಹಾರನೌಕೆಯನ್ನು ಕಳಿಸಿತು. ಗೇಲಿಕ್‌ನಲ್ಲಿ ಆ ಹೆಸರಿಗೆ ಹದ್ದು ಎಂದು ಅರ್ಥ. ಹಡಗಿನಲ್ಲಿ ಸುಮಾರು 280 ಮಂದಿ. ಜೀವರಕ್ಷಕ ಅಂಗಿಗಳು 80, ದೋಣಿಗಳಲ್ಲಿ ಜಾಗ 100 ಜನಕ್ಕೆ.

ಜನವರಿ ಒಂದರ ನಸುಕಿನ ಎರಡು ಗಂಟೆಗೆ ಸ್ವಲ್ಪ ಮೊದಲು, ಸ್ಟೋರ್ನೋವೇ ಬಂದರಿನ ದೀಪಗಳು ಕಾಣುತ್ತಿದ್ದಾಗಲೇ, ಹಡಗು ದಾರಿ ತಪ್ಪಿ 'ಬೀಸ್ಟ್ಸ್ ಆಫ್ ಹೋಮ್' ಎಂಬ ಬಂಡೆಗಳಿಗೆ ಬಡಿಯಿತು. ಬಂದರಿನ ಬಾಯಿಗೆ ಒಂದು ಮೈಲಿಯೂ ಇಲ್ಲ. ದಡಕ್ಕೆ ಇಪ್ಪತ್ತು ಗಜ. ಕತ್ತಲು, ಬಿರುಗಾಳಿ, ಮೈಮೇಲೆ ದಪ್ಪ ಸಮವಸ್ತ್ರ, ಕಾಲಲ್ಲಿ ಭಾರದ ಬೂಟು. ಇಳಿಸಿದ ದೋಣಿಗಳು ಮಗುಚಿದವು. ದ್ವೀಪದ ಉತ್ತರ ತುದಿಯ ನೆಸ್ ಭಾಗದ ಜಾನ್ ಎಫ್. ಮೆಕ್ಲೌಡ್ ಎಂಬವರು ಹಗ್ಗ ಹಿಡಿದು ಈಜಿ ದಡ ಸೇರಿದರು. ಆ ಒಂದು ಹಗ್ಗದ ಮೇಲೆ 40 ಮಂದಿ ಬದುಕಿದರು. ಡೊನಾಲ್ಡ್ ಮಾರಿಸನ್ ಎಂಬ ತರುಣ ಬೆಳಗಾಗುವವರೆಗೆ ಹಡಗಿನ ಪಟಕಂಬವನ್ನು ಅಪ್ಪಿಕೊಂಡಿದ್ದು ಉಳಿದ. ಸತ್ತವರು 201. ಅವರಲ್ಲಿ ಬಹುತೇಕ ಎಲ್ಲರೂ ಲೂಯಿಸ್ ಮತ್ತು ಪಕ್ಕದ ಹ್ಯಾರಿಸ್‌ನವರೇ. ನಾಲ್ಕು ವರ್ಷ ಯುದ್ಧದಲ್ಲಿ ಉಳಿದು ಬಂದವರು ಮನೆಯ ಅಂಗಳದಲ್ಲಿ ಮುಳುಗಿದರು.

ಅಜ್ಜಿಯ ದೊಡ್ಡಪ್ಪ ಅವರಲ್ಲಿ ಒಬ್ಬರು. ಅಜ್ಜಿಯ ತಂದೆಗೆ ಆಗ ಒಂಬತ್ತು ವರ್ಷ. ಅಣ್ಣ ಬರುತ್ತಾನೆಂದು ತಾಯಿ ಒಲೆಯ ಮುಂದೆ ಒಣಬಟ್ಟೆ, ಉಣ್ಣೆಯ ಕಾಲುಚೀಲ ಬೆಚ್ಚಗೆ ಹರಡಿ, ನೀರು ಕಾಯಲು ಇಟ್ಟು ಕಾದಿದ್ದಳಂತೆ. ರಾತ್ರಿಯಿಡೀ ಬಾಗಿಲಿಗೆ ಅಗುಳಿ ಹಾಕಿರಲಿಲ್ಲ. ಬೆಳಗಿನ ಜಾವ ಬಾಗಿಲು ತಟ್ಟಿದ ಸದ್ದು. ಹುಡುಗ ಓಡಿಹೋಗಿ ತೆರೆದ. ನಿಂತಿದ್ದವನು ಅಣ್ಣನಲ್ಲ, ಸುದ್ದಿ ತಂದ ಪಕ್ಕದ ಹಳ್ಳಿಯವನು. "ನಮ್ಮಪ್ಪ ಸಾಯೋವರೆಗೂ ಈ ಬಾಗಿಲು ಯಾರೂ ತಟ್ಟಲಿಲ್ಲ. ತಟ್ಟಿದ್ರೆ ಎದ್ದು ನಿಂತುಬಿಡ್ತಿದ್ರು. ಹೆಸರು ಕೇಳಿದ್ರೆ ಮಾತ್ರ ಕೂತಿರ್ತಿದ್ರು" ಎಂದರು ಅಜ್ಜಿ.

ದುರಂತದ ಮುಂದಿನ ಚರಿತ್ರೆಯೂ ಹೇಳಬೇಕಾದದ್ದೇ. ದೇಹಗಳನ್ನು ಸ್ಟೋರ್ನೋವೇಯಲ್ಲಿ ಸಾಲಾಗಿ ಮಲಗಿಸಿದರು. ಹಳ್ಳಿಗಳಿಂದ ಕುದುರೆಗಾಡಿ ತಂದು ಗುರುತು ಹಿಡಿದು ಕೊಂಡೊಯ್ದರು. ಎಷ್ಟೋ ದೇಹಗಳು ಸಿಗಲೇ ಇಲ್ಲ. ಅವನ್ನು ಇನ್ನೂ ಹುಡುಕುತ್ತಿರುವಾಗಲೇ, ಅದೇ ತಿಂಗಳು, ಮುಳುಗಿದ ಹಡಗಿನ ಅವಶೇಷ ಮಾರಾಟಕ್ಕಿದೆ ಎಂದು ಸರ್ಕಾರ ಪ್ರಕಟಿಸಿತು. ನೌಕಾಪಡೆಯ ಆಂತರಿಕ ವಿಚಾರಣೆ, ಬದುಕುಳಿದ ಅಧಿಕಾರಿ ಯಾರೂ ಇಲ್ಲವಾದ್ದರಿಂದ ಕಾರಣ ಹೇಳಲಾಗದು ಎಂದಿತು. ಅದರ ಕಡತ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಫೆಬ್ರವರಿಯಲ್ಲಿ ಸ್ಟೋರ್ನೋವೇಯಲ್ಲಿ ನಡೆದ ಸಾರ್ವಜನಿಕ ವಿಚಾರಣೆಯ ಜ್ಯೂರಿ ಮಾತ್ರ ಸ್ಪಷ್ಟವಾಗಿ ಹೇಳಿತು: ಬಂದರು ಹತ್ತಿರವಾದಾಗ ವೇಗ ತಗ್ಗಿಸಲಿಲ್ಲ, ಕಾವಲಿಗೆ ಜನ ನಿಲ್ಲಿಸಲಿಲ್ಲ, ಜೀವರಕ್ಷಣೆಯ ಸಾಮಗ್ರಿ ಸಾಲದಾಗಿತ್ತು, ದಡದಿಂದ ನೆರವು ತಡವಾಯಿತು. ಹೋಮ್ ಕಡೆಯ ದಂಡೆಯಲ್ಲಿ ಒಂದು ದೀಪ ಇಡಿ ಎಂದೂ ಶಿಫಾರಸು ಮಾಡಿತು.

ಆಮೇಲೆ ಮೌನ. ಬದುಕಿ ಬಂದವರು ಸತ್ತವರ ತಾಯಂದಿರ ಎದುರು ಹೇಗೆ ಮಾತಾಡಿಯಾರು? ಒಂದೇ ಹಳ್ಳಿಯಲ್ಲಿ ಒಬ್ಬನ ಮಗ ಬಂದಿದ್ದಾನೆ, ಪಕ್ಕದ ಮನೆಯವನು ಬಂದಿಲ್ಲ. ದಶಕಗಳವರೆಗೆ ಲೂಯಿಸ್‌ನಲ್ಲಿ ಹೊಸ ವರ್ಷದ ಸಡಗರ ತಗ್ಗಿತು. ಈ ನಡುವೆ ಊರೂ ಖಾಲಿಯಾಗುತ್ತ ಬಂತು. 1923ರ ಏಪ್ರಿಲಿನಲ್ಲಿ 'ಮೆಟಗಾಮಾ' ಎಂಬ ಹಡಗು ಇದೇ ಸ್ಟೋರ್ನೋವೇಯಿಂದ ಸುಮಾರು 300 ಮಂದಿ ತರುಣ ತರುಣಿಯರನ್ನು ಕೆನಡಾಕ್ಕೆ ಹೊತ್ತೊಯ್ದಿತು. ಭೂಮಿಯಿಲ್ಲ, ಕೆಲಸವಿಲ್ಲ, ಮದುವೆಯಾಗಲು ಗಂಡುಗಳಿಲ್ಲ. ಐಯೊಲೇರ್ ಬಗ್ಗೆ ಗೇಲಿಕ್‌ನಲ್ಲಿ ಹೆಸರಾದ ಹಾಡು ಕಟ್ಟಿದ ಮೆಲ್ಬೋಸ್ಟ್‌ನ ಕವಿ ಮರ್ಡೋ ಮೆಕ್‌ಫರ್ಲೇನ್ ಕೂಡ ಆ ದಶಕದಲ್ಲಿ ಕೆನಡಾಕ್ಕೆ ಹೋಗಿ, ಕೆಲವು ವರ್ಷ ದುಡಿದು ಹಿಂದಿರುಗಿದವರು. ನಮ್ಮಂಥ ವಲಸಿಗರು ಇದನ್ನು ಓದುವಾಗ ಸ್ವಲ್ಪ ನಿಲ್ಲಬೇಕಾಗುತ್ತದೆ. ಹೊರಟವರ ಚರಿತ್ರೆಯನ್ನು ನಾವು ಧಾರಾಳವಾಗಿ ಬರೆದುಕೊಂಡಿದ್ದೇವೆ. ಕಾದು ಕೂತವರದ್ದು ಅಡುಗೆಮನೆಯಲ್ಲೇ ಉಳಿದುಹೋಗಿದೆ.

ಕತೆ ಮುಗಿಸಿ ಅಜ್ಜಿ ಕೇಳಿದರು: "ನಿಮ್ಮೂರಲ್ಲೂ ಸಮುದ್ರ ಇದೆ ಅಂದೆಯಲ್ಲ. ಎಲ್ಲರೂ ವಾಪಸು ಬರ್ತಾರಾ?"

ನಾನು ಸುವರ್ಣ ತ್ರಿಭುಜದ ವಿಷಯ ಹೇಳಿದೆ. 2018ರ ಡಿಸೆಂಬರ್ 13ರ ರಾತ್ರಿ ಮಲ್ಪೆ ಬಂದರಿನಿಂದ ಏಳು ಮಂದಿಯನ್ನು ಹೊತ್ತು ಹೊರಟ ಬೋಟು ಅದು. ಉಡುಪಿ ಮತ್ತು ಉತ್ತರ ಕನ್ನಡದವರು. ಎರಡು ದಿನದ ಮೇಲೆ ಸಂಪರ್ಕ ಕಡಿಯಿತು. ಜನವರಿ ಒಂದು ಬಂತು, ಸುದ್ದಿಯಿಲ್ಲ. ಜನವರಿ 6ರಂದು ಕರಾವಳಿಯ ಮೀನುಗಾರರು ಸಾವಿರಗಟ್ಟಲೆ ಸೇರಿ, ನಮ್ಮವರನ್ನು ಹುಡುಕಿಕೊಡಿ ಎಂದು ಹೆದ್ದಾರಿಯಲ್ಲಿ ಕೂತರು. ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಬಳಿ ಕಡಲಿನ ಆಳದಲ್ಲಿ ಬೋಟಿನ ಅವಶೇಷ ನೌಕಾಪಡೆಗೆ ಸಿಕ್ಕಿತು. ಏಳು ಮಂದಿ ಮನೆಗೆ ಬರಲಿಲ್ಲ. ಲೂಯಿಸ್‌ನವರು ಐಯೊಲೇರ್‌ನ ನೂರನೇ ವರ್ಷದ ಸ್ಮರಣೆಗೆ ಹೋಮ್‌ನ ದಂಡೆಯಲ್ಲಿ ಸೇರಿದ್ದೂ ಅದೇ 2019ರ ಜನವರಿ ಒಂದರಂದು. ಅದೇ ಹೊತ್ತಿಗೆ ನಮ್ಮೂರ ಕಡೆ ಏಳು ಮನೆಗಳಲ್ಲಿ ಫೋನ್ ಹಿಡಿದು ಕೂತಿದ್ದರು.

ಅಜ್ಜಿ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಅವರ ತಾಯಂದಿರು ಇದ್ದಾರಾ?" ಎಂದರು. ಅಷ್ಟೇ ಕೇಳಿದ್ದು.

ಮರುದಿನ ಮನೆಯವರೆಲ್ಲ ನನ್ನನ್ನು ಹೋಮ್‌ಗೆ ಕರೆದುಕೊಂಡು ಹೋದರು. ಹುಲ್ಲಿನ ದಾರಿಯಲ್ಲಿ ನಡೆದು ಹೋಗಬೇಕು. 1958ರಲ್ಲಿ ನಿಲ್ಲಿಸಿದ ಕಲ್ಲಿನ ಕಂಬ ಅಲ್ಲಿದೆ. ಶತಮಾನದ ವರ್ಷ ಇಟ್ಟ, ಸುತ್ತಿಟ್ಟ ಹಗ್ಗದ ಆಕಾರದ ಕಂಚಿನ ಶಿಲ್ಪವೂ ಇದೆ. ಅದು ಮೆಕ್ಲೌಡ್ ಅವರ ಹಗ್ಗ. ಗೆಳೆಯನ ತಂದೆ ಬಂಡೆಗಳನ್ನು ಬೆರಳಿಟ್ಟು ತೋರಿಸಿದರು. ಇಪ್ಪತ್ತು ಗಜ ಎಂದು ಓದಿದ್ದಾಗ ಮನಸ್ಸಿಗೆ ಬಂದದ್ದು ಒಂದು ಅಂಕಿ. ಅಲ್ಲಿ ನಿಂತು ನೋಡಿದರೆ, ಮಲ್ಪೆಯಲ್ಲಿ ನಮ್ಮ ಮನೆಯ ಜಗಲಿಯಿಂದ ಬಾವಿಕಟ್ಟೆಗೆ ಇರುವ ದೂರ. ತಿರುಗಿದರೆ ಬಂದರು, ಪೇಟೆಯ ಮನೆಗಳು ಎಲ್ಲವೂ ಕಾಣುತ್ತವೆ. ಅಲ್ಲಿಗೆ ಬಂದಿದ್ದ ಇನ್ನೂ ನಾಲ್ಕಾರು ಮಂದಿ ನಮಗೆ ಹೊಸ ವರ್ಷದ ಶುಭಾಶಯ ಹೇಳಿದರು, ತಗ್ಗಿದ ದನಿಯಲ್ಲಿ.

ಹೊಸ ವರ್ಷದ ತಾರೀಕನ್ನು ರಾಜರು, ಪಾರ್ಲಿಮೆಂಟುಗಳು, ಪಂಚಾಂಗದವರು ಗೊತ್ತುಮಾಡಿದ್ದಾರೆ. 1599ರ ಆಜ್ಞೆ, 1640ರ ಕಾಯ್ದೆ ಇಲ್ಲದಿದ್ದರೆ ಆ ರಾತ್ರಿ ಆ ಹಡಗಿನಲ್ಲಿ ಅಷ್ಟು ಮಂದಿ ಇರುತ್ತಿದ್ದರೋ ಇಲ್ಲವೋ. ಆದರೆ ಆ ದಿನಕ್ಕೆ ತೂಕ ಬರುವುದು ಯಾರು ಬಂದರು, ಯಾರು ಬರಲಿಲ್ಲ ಎಂಬುದರಿಂದ. ಇಂಥ ನಷ್ಟ ಕಂಡ ಮನೆಯವರು ಬಾಗಿಲಿಗೆ ಅಗುಳಿ ಹಾಕಿಕೊಂಡು ಕೂರಬಹುದಿತ್ತು. ಅವರು ತಟ್ಟುವುದೊಂದನ್ನು ಬಿಟ್ಟರು, ಕರೆಯುವುದನ್ನು ಬಿಡಲಿಲ್ಲ. ಎಲ್ಲಿಯೋ ಹುಟ್ಟಿದ, ಅವರ ಭಾಷೆ ಬಾರದ ನನ್ನಂಥವನ ಹೆಸರನ್ನು ಕೂಡ ಹೊಸ್ತಿಲಾಚೆಯಿಂದ ಕೇಳಿ ಒಳಗೆ ಕರೆದರು.

ಮೂರನೆಯ ತಾರೀಕು ಹೊರಟೆ. ಗೆಳೆಯನ ತಾಯಿ ಉಳಿದ ಡಫ್ ಕಟ್ಟಿಕೊಟ್ಟರು. ಅಜ್ಜಿ ಬಾಗಿಲವರೆಗೆ ಬಂದು, ಉಡುಪಿಯಿಂದ ಹೊರಡುವಾಗ ಪ್ರತಿ ಸಲ ನನ್ನಮ್ಮ ಹೇಳುವ ಮಾತನ್ನೇ ಹೇಳಿದರು:

"ತಲುಪಿದ ಕೂಡಲೇ ಫೋನ್ ಮಾಡು ಮಗಾ."

ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.